ಅನಿಸಿಕೆ ಪುಸ್ತಕದ ಒಂದು ಸಾಲು

ಇಬ್ಬರದೂ ಅಮೂರ್ತ ಚಿತ್ರಗಳು, ಆ ಸಣ್ಣ ಗ್ಯಾಲರಿಯಲ್ಲಿ ಇಬ್ಬರಿಗೂ ಒಂದೊಂದು ಗೋಡೆ. ಆದರೆ ಎರಡು ದಿನದಿಂದ ಜನರೆಲ್ಲ ರೇಣುಕಾಳ ಗೋಡೆಯೆದುರೇ ನಿಲ್ಲುತ್ತಿದ್ದರು. ತಿಪ್ಪೇಶನ ಕಡೆ ಬಂದವರು ಫ್ಯಾನಿನ ಗಾಳಿಗೆ ಬಂದವರು.

ಮೂರನೆಯ ದಿನ ಅವಳು ಊಟಕ್ಕೆ ಹೋದಾಗ ಅವನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಅನಿಸಿಕೆ ಪುಸ್ತಕ ತೆರೆದು, ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದ: 'ರೇಣುಕಾ ಬಿಡಿಸಿರುವುದು ಚಿತ್ರಗಳಲ್ಲ, ಬ್ರಶ್ ಒರೆಸಿದ ಬಟ್ಟೆಗಳು.' ಹೆಸರು ಹಾಕಲಿಲ್ಲ.

ಅವಳು ಬಂದು ಓದಿದಳು. ಮತ್ತೊಮ್ಮೆ ಓದಿದಳು. ಕಣ್ಣು ತುಂಬಿತು.

"ಯಾರೋ ತಲೆಕೆಟ್ಟವರು ಬರೆದಿರ್ತಾರೆ, ಬಿಡು ರೇಣು," ಎಂದ ತಿಪ್ಪೇಶ, ಅವಳ ಮುಖ ನೋಡದೆ.

"ತಲೆಕೆಟ್ಟವರಲ್ಲ ಕಣೋ, ನಮ್ಮಪ್ಪ!" ಅವಳು ನಗುತ್ತಿದ್ದಳು. "ಲಕ್ವ ಹೊಡೆದ ಮೇಲೆ ಅವರ ಅಕ್ಷರ ಹೀಗೇ, ಅಂಕುಡೊಂಕು. ಬೈಗುಳಾನೂ ಅವರದೇ, ಮನೇಲೂ ಹೀಗೇ ಅಂತಿದ್ರು. ಆರ್ಟ್ ಸ್ಕೂಲಿಗೆ ಸೇರಿದಾಗಿಂದ ಆರು ವರ್ಷ ನನ್ನ ಹತ್ರ ಮಾತೇ ಆಡಿಲ್ಲ. ಸುಮ್ನೆ ಒಂದು ಕಾರ್ಡ್ ಕಳಿಸಿದ್ದೆ, ಬಂದೇಬಿಟ್ಟಿದ್ದಾರೆ! ನೀನು ಇಲ್ಲೇ ಇದ್ದೆಯಲ್ಲ, ನೋಡ್ಲಿಲ್ವಾ? ಕೋಲು ಊರ್ಕೊಂಡು ಬಂದಿರ್ತಾರೆ."

ತಿಪ್ಪೇಶ ಒಂದು ಹೆಜ್ಜೆ ಮುಂದೆ ಬಂದ. "ರೇಣು, ಒಂದ್ನಿಮಿಷ ಕೇಳಿಲ್ಲಿ…"

ಅವಳು ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಫೋನು ಆಗಲೇ ಅವಳ ಕಿವಿಯಲ್ಲಿತ್ತು.

"ಅಪ್ಪಾ, ನಾನು ರೇಣುಕಾ. ಅಷ್ಟು ದೂರ ಬಂದವರು ನನ್ನ ಮುಖ ನೋಡ್ದೇ ಹೋಗಿಬಿಟ್ರಾ?"