ಸಣ್ಣಬೀರಪ್ಪನ ಪಾಲಿನ ಬಿಲ್ಲೆ

"ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡವ್ವಾ" ಎಂದು ನಾಗರತ್ನಮ್ಮ ಕಾಗದವನ್ನು ಮುಂದೆ ಹಿಡಿದಳು. ಹಂಪವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಕೊಂಡಜ್ಜಿ ಊರಿನ ಶಾಲೆಯ ಜಗಲಿಯಲ್ಲಿ ಬೆಳಗಿನಿಂದ ಎತ್ತಿನ ಗಾಡಿಗಳಿಗೆ ಕೆಂಪು ಬಿಲ್ಲೆ ಹಂಚುತ್ತಿದ್ದರು. ಗಾಡಿಯ ಹಿಂದೆ ಒಂದು ಜೋಡಿ ಬಡಿದರೆ ಲಾರಿಯ ಬೆಳಕಿಗೆ ಹೊಳೆಯುತ್ತವೆ, ಮುಂದೆ ಗಾಡಿಯಿದೆ ಎಂದು ಡ್ರೈವರಿಗೆ ತಿಳಿಯುತ್ತದೆ. ಸರ್ಕಾರದ ಅನುದಾನ. ಊರಿನ ಸಮಿತಿಯ ಪರವಾಗಿ ಅರ್ಜಿ ಬರೆದುಕೊಟ್ಟವಳು ಹರಿಹರದಿಂದ ಬಸ್ಸಿನಲ್ಲಿ ಬರುವ ಕಾರ್ಯಕರ್ತೆ ನಾಗರತ್ನಮ್ಮ. ಅಪಘಾತವಾದವರ ಹೆಸರು ಕೇಳಿದ್ದ ಕಡೆ ಅವಳು ಸಣ್ಣಬೀರಪ್ಪ ಎಂದು ಬರೆದಿದ್ದಳು. ಹೋದ ವರ್ಷ ಹಿಂದಿನಿಂದ ಲಾರಿ ಗುದ್ದಿ ಸತ್ತವನು, ಹಂಪವ್ವನ ಗಂಡ. ಕಚೇರಿಯವರು ಆ ಹೆಸರನ್ನೂ ಗಾಡಿ ಇರುವವರ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಬಂದದ್ದು ಇಪ್ಪತ್ತು ಜೋಡಿ. ಮೊದಲನೆಯದು ಸತ್ತವನ ಹೆಸರಿಗೆ. ಇಪ್ಪತ್ತೊಂದನೆಯವನಾಗಿ ಬರಿಗೈಯಲ್ಲಿ ಉಳಿದವನು ಹಂಪವ್ವನ ಪಕ್ಕದ ಮನೆಯ ಖಾಜಾ ಹುಸೇನ್. ಹಂಪವ್ವ ಬಿಟ್ಟುಕೊಟ್ಟೆನೆಂದು ಹೆಬ್ಬೆಟ್ಟು ಒತ್ತಿದರೆ ಆ ಜೋಡಿ ಅವನ ಗಾಡಿಗೆ.

"ಯಾರ ಹೆಸರಿಗೆ ಬಂದೈತೆ ಅಂದ್ರಿ, ಅಕ್ಕಾರೆ?"

"ನಿಮ್ಮ ಯಜಮಾನ್ರ ಹೆಸರಿಗೆ. ಆದ್ರೆ ಈಗ ನಿಮ್ಮನೇಲಿ ಗಾಡಿ ಇಲ್ಲಲ್ಲವ್ವಾ."

"ಗಾಡಿ ಇಲ್ಲ. ಹೆಸರು ಐತಲ್ಲ."

ಖಾಜಾ ಹುಸೇನನ ಹೆಂಡತಿ ಜೈನಾಬಿ ಕಂಬಕ್ಕೆ ಒರಗಿ ನಿಂತಿದ್ದಳು. "ಹಂಪಕ್ಕ, ಸಂಜಿಗೆ ನಮ್ಮನಿಯವ್ರು ಶೇಂಗಾ ಹೇರ್ಕೊಂಡು ದಾವಣಗೆರೆಗೆ ಹೊಂಟಾರೆ. ಕತ್ತಲ ದಾರಿ. ಒತ್ತಿಬಿಡು, ನಿನಗೇನು ಹೋಗ್ತೈತೆ?"

"ಬೈದು ಕಳಿಸು. ದಿನಾ ಬೈತೀಯಲ್ಲ."

ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಬೀಡಿ ಸೇದಿದ್ದಕ್ಕೆ, ಕಾಲು ತೊಳೆಯದೆ ಒಳಗೆ ಬಂದದ್ದಕ್ಕೆ, ಉಂಡ ತಟ್ಟೆ ಅಲ್ಲೇ ಬಿಟ್ಟದ್ದಕ್ಕೆ ಜೈನಾಬಿ ಗಂಡನನ್ನು ಬೈಯುವುದು ಹಂಪವ್ವನಿಗೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಅವನು "ಆಯ್ತು ಬಿಡೆ" ಎನ್ನುವುದೂ ಕೇಳಿಸುತ್ತಿತ್ತು. ಒಮ್ಮೆ ಅವನ ಗಾಡಿ ಬರುವುದು ತಡವಾಗಿ ಗೋಡೆಯಾಚೆ ಸದ್ದಡಗಿತ್ತು. ಆ ದಿನ ಹಂಪವ್ವನಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

"ಕೊಡ್ರಿ ಇಲ್ಲಿ" ಎಂದು ಅವಳು ನಾಗರತ್ನಮ್ಮನ ಮುಂದಿದ್ದ ಜೋಡಿಯನ್ನು ಎತ್ತಿಕೊಂಡಳು. "ತಗಂಡೆ ಅಂತ ಬರೀರಿ, ಒತ್ತುತೀನಿ. ಕೊಟ್ಟೆ ಅಂತ ಒತ್ತಲ್ಲ."

"ತಗಂಡು ಎಲ್ಲಿಗೆ ಬಡ್ಕೋತೀಯಾ?" ಜೈನಾಬಿಗೆ ತಡೆಯಲಾಗಲಿಲ್ಲ. "ಹಣೆಗಾ?"

ಜೈನಾಬಿ ತನ್ನ ಬಾಯಿಯ ಮೇಲೆ ತಾನೇ ಕೈಯಿಟ್ಟುಕೊಂಡಳು. ಪಟ್ಟಿ ತಿದ್ದುವ ಅಧಿಕಾರ ನಾಗರತ್ನಮ್ಮನಿಗೆ ಇರಲಿಲ್ಲ. ಅವಳು 'ಸ್ವೀಕರಿಸಿದೆ' ಎಂದು ಬರೆದು ಶಾಯಿಯ ಡಬ್ಬಿಯನ್ನು ಹಂಪವ್ವನ ಕಡೆಗೆ ಸರಿಸಿದಳು.

ಹಂಪವ್ವನ ಮನೆ ರಸ್ತೆಯ ತಿರುವಿಗೇ ಇತ್ತು. ಬಾಗಿಲ ಚೌಕಟ್ಟಿನ ಎರಡೂ ಪಕ್ಕದಲ್ಲಿ, ಗಾಡಿಯ ಹಿಂಬದಿ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ, ಅವಳು ಒಂದೊಂದು ಬಿಲ್ಲೆ ಇಟ್ಟು ಗುಂಡುಕಲ್ಲಿನಿಂದ ಮೊಳೆ ಬಡಿದಳು. ಹೊಸ್ತಿಲ ಮೇಲೆ ಕೂತಳು. ಸಂಜೆಯವರೆಗೂ ಒಲೆ ಹಚ್ಚಲಿಲ್ಲ.

ಮಬ್ಬು ಕವಿಯುವ ಹೊತ್ತಿಗೆ ಪಕ್ಕದ ಓಣಿಯಲ್ಲಿ ಖಾಜಾ ಹುಸೇನ್ ಗಾಡಿ ಹೂಡಿದ. ಯಾವಾಗಿನಂತೆ ಗಾಡಿಯ ಅಡಿಗೆ ಕಂದೀಲು ಕಟ್ಟಿದ್ದ. "ಎಣ್ಣಿ ಹಾಕೀರೋ ಇಲ್ಲೋ? ರೊಟ್ಟಿ ಗಂಟು ಮರ್ತೀರಿ. ನೆನಪು ಅನ್ನೋದು ಐತೋ ಇಲ್ಲೋ ನಿಮಗೆ" ಎಂದು ಜೈನಾಬಿ ಹಿಂದೆಯೇ ಬಂದಳು. "ಆಯ್ತು ಬಿಡೆ" ಎಂದ ಅವನು. ಮೂಟೆಯ ಭಾರಕ್ಕೆ ಎತ್ತುಗಳು ತಗ್ಗಿನಿಂದ ಮೆಲ್ಲಗೆ ರಸ್ತೆಗೆ ಏರುತ್ತಿದ್ದವು. ಗಾಡಿ ರಸ್ತೆಗೆ ಅಡ್ಡವಾಗಿದ್ದಾಗಲೇ ಹರಿಹರದ ಕಡೆಯಿಂದ ಲಾರಿಯೊಂದು ಜೋರಾಗಿ ತಿರುವಿಗೆ ಬಂತು.

ಅದರ ಬೆಳಕು ಮೊದಲು ಬಿದ್ದದ್ದು ಹಂಪವ್ವನ ಬಾಗಿಲಿಗೆ. ಅವಳ ಎಡಬಲದಲ್ಲಿ ಎರಡು ಕೆಂಪು ಧಗ್ಗನೆ ಹೊತ್ತಿಕೊಂಡವು. ಲಾರಿ ಕಿರುಗುಟ್ಟುತ್ತ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ ಬಾಗಿಲಲ್ಲಿ ಗಾಡಿ ಹುಡುಕಿದ. ಆಮೇಲೆ ರಸ್ತೆಯಲ್ಲಿದ್ದ ನಿಜವಾದ ಗಾಡಿ ಕಂಡಿತು. ಖಾಜಾ ಹುಸೇನ್ ಎತ್ತುಗಳನ್ನು ತಿರುಗಿಸಿಕೊಂಡು ದಾರಿ ಹಿಡಿದ. ಲಾರಿ ಅವನನ್ನು ಬಳಸಿಕೊಂಡು ಹೋಯಿತು.

ಹಂಪವ್ವ ಹೊಸ್ತಿಲಿನಿಂದ ಎದ್ದಿರಲಿಲ್ಲ. ಹೋದ ವರ್ಷ ಇದೇ ತಿರುವಿನಲ್ಲಿ ಯಾರೂ ಬ್ರೇಕು ಹಾಕಿರಲಿಲ್ಲ.

ಜೈನಾಬಿ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಹಂಪಕ್ಕ, ಬೆಳಿಗ್ಗೆ ಏನೇನೋ ಅಂದುಬಿಟ್ಟೆ. ಹೊಟ್ಟಿಗೆ ಹಾಕ್ಕೋ. ನಿನ್ನ ಗಂಡಾನೇ ನಿಂತು ನಮ್ಮನಿಯವ್ರನ್ನ ಕಾದ ಕಣಕ್ಕ. ಆ ಬಿಲ್ಲೆ ಇನ್ನು ನಮಗೆ ಬ್ಯಾಡ. ಅಲ್ಲೇ ಇರ್ಲಿ."

ಹಂಪವ್ವ ಕೈ ಬಿಡಿಸಿಕೊಂಡಳು. ಒಳಗೆ ಹೋಗಿ ಕುಡುಗೋಲು ತಂದಳು. ಅದರ ತುದಿಯನ್ನು ಬಿಲ್ಲೆಯ ಅಡಿಗೆ ತೂರಿಸಿ ಒಂದನ್ನು ಕಿತ್ತಳು, ಇನ್ನೊಂದನ್ನು ಕಿತ್ತಳು. ಮೊಳೆಯ ಸಮೇತ ಎರಡನ್ನೂ ಜೈನಾಬಿಯ ಉಡಿಗೆ ಹಾಕಿದಳು.

"ಓಡು. ಗಾಡಿ ಇನ್ನೂ ಕೆರೆ ಏರಿ ದಾಟಿಲ್ಲ" ಎಂದಳು. "ನಿನ್ನ ಗಂಡನ್ನ ನೀನು ಕಾಯ್ಕೋ. ನನ್ನ ಗಂಡನ ಕೈಲಿ ಕಾಯಿಸಬ್ಯಾಡ."