ಮರಿ ಕಾಯುವ ಮೀನು

ಗಾಳ ತರದೆ ಮೀನು ಹಿಡಿಯಲು ಬಂದ ಮೊದಲ ಗಿರಾಕಿ ಇವನು. ಪಾಲಿಶ್ ಮಾಡಿದ ಕಪ್ಪು ಬೂಟು, ಗಿಡ್ಡಗೆ ಕತ್ತರಿಸಿದ ಕೂದಲು, ತೊಡೆಯಿಂದ ಕೆಳಗಿಳಿಸದ ಕೈಚೀಲ. ಪೊಲೀಸ್ ಎಂದುಕೊಳ್ಳಲು ದೋಣಿಯವನಿಗೆ ಅಷ್ಟೇ ಸಾಕಾಯಿತು.

“ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು ಯಜಮಾನ್ರೇ,” ಎಂದಿದ್ದ ಅವನು, ದಡದಲ್ಲಿ.

“ಮೀನಿನ ವಿಷಯ ತಾನೆ? ಹತ್ತಿ ಸಾರ್,” ಎಂದು ಕೂರಿಸಿಕೊಂಡು ಹುಟ್ಟು ಹಾಕಿದ್ದ. ಪೊಲೀಸರ ಜೊತೆ ಮಾತಾಡಲೇಬೇಕೆಂದರೆ ಮನೆಯಿಂದ ದೂರವೇ ಒಳ್ಳೆಯದು. ಊರಿನ ಗೋದಾಮಿಗೆ ಬೆಂಕಿ ಬಿದ್ದು ಕಾವಲುಗಾರ ಸತ್ತು ಎರಡು ವರ್ಷ. ಅಂದೇ ಊರು ಬಿಟ್ಟ ಮಗನನ್ನು ಅವರು ಇನ್ನೂ ಹುಡುಕುತ್ತಿದ್ದರು. ಎಲ್ಲಿದ್ದಾನೆಂದು ಅಪ್ಪನಿಗೂ ಗೊತ್ತಿರಲಿಲ್ಲ.

ಹಳೆ ಚಪ್ಪಲಿಯ ರಬ್ಬರಿನಲ್ಲಿ ತಾನೇ ಕೊರೆದ ಹಸಿರು ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಕೊಟ್ಟ. “ಕೊರಮೀನು ಜೊಂಡಿನ ನೆರಳಲ್ಲೇ ಇರತ್ತೆ. ಕಪ್ಪೇನ ಎಲೆ ಮೇಲೆ ಕುಪ್ಪಳಿಸ್ತಾ ಎಳೀಬೇಕು. ಕಚ್ಚಿದ ತಕ್ಷಣ ಜಗ್ಗಿದ್ರೆ ಕೆಟ್ರಿ. ಮೂರು ಎಣಿಸಿ, ಆಮೇಲೆ ಜಗ್ಗಿ.”

ಬಂದವನು ಎಸೆಯಲಿಲ್ಲ. ಎದುರಿಗೆ ಒಂದು ಕಡೆ ನೀರು ಕುದಿಯುವಂತೆ ಮಿಸುಕುತ್ತಿತ್ತು. ನೂರಾರು ಕೆಂಪು ಮರಿಗಳು, ಒಂದೇ ಗುಂಪು.

“ಇದರ ಕೆಳಗೆ ಅಪ್ಪ ಅಮ್ಮ ಇರ್ತಾವೆ, ಅಲ್ವಾ?”

“ಇರ್ತಾವೆ. ಮರಿ ಹತ್ರ ಏನು ಬಿದ್ರೂ ಹಾರಿ ಕಚ್ತಾವೆ. ಹಸಿವಿಗಲ್ಲ.”

“ಹಾಗೆ ಕಚ್ಚಿದ್ದನ್ನ ನೀವು ಇಟ್ಕೊಳ್ಳಲ್ವಂತೆ. ಗಾಳ ಬಿಡಿಸಿ, ತಪ್ಪಾಯ್ತು ಅಂತ ಮೀನಿಗೆ ಹೇಳಿ, ನೀರಿಗೆ ಬಿಡ್ತೀರಂತೆ.”

ಹುಟ್ಟು ಹಾಕುತ್ತಿದ್ದ ಕೈ ನಿಂತಿತು. ಅದನ್ನು ಕಂಡಿದ್ದವನು ಮಗನೊಬ್ಬನೇ. ಅಂದರೆ ಸಿಕ್ಕಿಬಿದ್ದಿದ್ದಾನೆ. ಬಾಯಿ ಬಿಡಿಸಿದ್ದಾರೆ.

“ಹುಡುಗನ್ನ ಬಿಟ್ಬಿಡಿ ಸಾರ್,” ಎಂದ. “ಬೆಂಕಿ ಇಟ್ಟವನು ನಾನು. ಅವನಿಗೇನೂ ಗೊತ್ತಿಲ್ಲ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.”

ಬೆಂಕಿ ಬಿದ್ದ ಹೊತ್ತು ಅಪ್ಪ ಇದೇ ದೋಣಿಯಲ್ಲಿದ್ದುದನ್ನು ದಡದ ತುಂಬ ಜನ ಕಂಡಿದ್ದರು. ಅದು ಈಗ ನೆನಪಾಗಲಿಲ್ಲ.

ಬಂದವನು ಗಾಳವನ್ನು ಮೆಲ್ಲಗೆ ಕೆಳಗಿಟ್ಟ. ಕೈಚೀಲದ ಜಿಪ್ಪು ತೆಗೆದ. ಒಳಗೆ ಮಡಚಿದ ಒಂದು ಅಂಗಿ. ಅದರ ಮೇಲೆ, ಚಪ್ಪಲಿ ರಬ್ಬರಿನಲ್ಲಿ ಕೊರೆದ ಹಸಿರು ಕಪ್ಪೆ.

“ನಾನು ಪೊಲೀಸಲ್ಲ ಯಜಮಾನ್ರೇ, ಆಸ್ಪತ್ರೆ ವಾರ್ಡಿನವನು,” ಎಂದ. “ಕೊನೇ ದಿನ ಪೂರ್ತಿ ನಿಮ್ಮ ಮಗ ಈ ಮೀನಿನ ವಿಷಯಾನೇ ಹೇಳ್ತಿದ್ದ.”