ಅಪ್ಪನ ಹಲಗೆ

ಮಾಘದ ಚಳಿ, ಹೊತ್ತು ಮೂಡುವ ಸಮಯ. ಬಸ್ಸಿನ ಡ್ರೈವರಿಕೆಯಿಂದ ನಿವೃತ್ತನಾಗಿ ಬಂದ ದುರುಗಪ್ಪನ ತೊಡೆಯ ಮೇಲೆ ಅಕ್ಕ ಅಜ್ಜನ ಕಾಲದ ಹಲಗೆವಾದ್ಯ ಇಟ್ಟಳು.

"ಅಪ್ಪನ ಪಾಲಿಂದು, ಇನ್ನ ನಿಂದು. ಬೆಂಕಿಗೆ ಕಾಸಿ ಬಾರ್ಸು."

ಕಾಸಿದ, ಬಾರಿಸಿದ. ಎದೆಯೊಳಗೆ ಏನೂ ಮಿಸುಕಲಿಲ್ಲ.

"ಅಕ್ಕಾ, ಮೂವತ್ತು ವರ್ಷ ಹೋದ ಹೋದ ಊರಾಗ ದನದ ಸಂತಿ ಹೊಕ್ಕು ನೋಡೀನಿ. ನಮ್ಮ ಗುಂಡ್ಯಾ ಸಿಗಲಿಲ್ಲ."

"ಆ ಕರಾನ ಇನ್ನೂ ಹುಡುಕ್ತೀಯೇನೋ, ಹುಚ್ಚಪ್ಪಾ?"

"ಸಂತಿಗೆ ಹೋಗೈತಿ, ಯುಗಾದಿಗೆ ವಾಪಸ್ ಬರ್ತೈತಿ ಅಂದಿದ್ದನಲ್ಲ ಅಪ್ಪ."

ಅಕ್ಕ ಹಲಗೆಯ ಮೇಲೆ ಕೈಯಾಡಿಸಿದಳು.

"ಅಪ್ಪ ಸುಳ್ಳು ಹೇಳಿರಲಿಲ್ಲ ತಮ್ಮಾ. ಗುಂಡ್ಯಾ ಜಡ್ಡಾಗಿ ಸತ್ತಿತ್ತು. ಅದರ ಚರ್ಮಾನ ಈ ಹಲಗಿಗೆ ಬಿಗಿದ. ಆ ಯುಗಾದಿ ದಿನ ಇದರ ಮುಂದ ಎಲ್ಲಾರಕಿಂತ ಹೆಚ್ಚು ಕುಣಿದಾಂವ ನೀನ."